ಗೇಟಿನಿಂದ ಬಂದ ಕರೆ

ನೋಯ್ಡಾ
೬ ಅಕ್ಟೋಬರ್ ೨೦೨೪

ಸುಶೀಲಕ್ಕನಿಗೆ ಗಂಗೆಯ ನಮಸ್ಕಾರ.

ಚೆನ್ನಾಗಿದ್ದೀರಾ ಎಂದು ಕೇಳುವುದಕ್ಕೆ ಬಾಯಿ ಬರುವುದಿಲ್ಲ. ಸೋಮಣ್ಣನವರು ಹೋಗಿ ಇಂದಿಗೆ ನಲವತ್ತೆರಡು ದಿನವಾಯಿತು. ಸುದ್ದಿ ನನಗೆ ತಿಳಿದದ್ದು ನಾಲ್ಕು ದಿನ ತಡವಾಗಿ, ಅದೂ ದೆಹಲಿಯ ರೋಹಿಣಿ ಬಡಾವಣೆಯಲ್ಲಿರುವ ವೈಜಯಂತಿಯ ಬಾಯಿಂದ. ಅಷ್ಟರಲ್ಲಿ ನೀವು ಅವರನ್ನು ಸೋಮವಾರಪೇಟೆಗೆ ಕರೆದುಕೊಂಡು ಹೋಗಿ ಮಣ್ಣು ಮಾಡಿಯೂ ಆಗಿತ್ತು. ಅಂದಿನಿಂದ ಫೋನ್ ಮಾಡುತ್ತಲೇ ಇದ್ದೇನೆ. ಮೊದಮೊದಲು ಪೂರ್ತಿ ಹೊಡೆದುಕೊಂಡು ನಿಲ್ಲುತ್ತಿತ್ತು. ಈಗ ಎರಡು ಸಲ ಹೊಡೆದು ಕಟ್ ಆಗುತ್ತದೆ. ಕಟ್ ಮಾಡುತ್ತಿರುವುದು ನೀವೇ ಎಂದು ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀವು ಓದದೆ ಹರಿದು ಹಾಕಿದರೂ ಪೋಸ್ಟ್‌ಮ್ಯಾನ್ ನಿಮ್ಮ ಕೈಗೆ ಕೊಟ್ಟಿರುತ್ತಾನಲ್ಲ, ಅಷ್ಟಾದರೂ ಆಗಲಿ.

ವೈಜಯಂತಿ ಕೇಳಿದಳು, "ಗಂಗಾ ನನ್ನನ್ನ ಗೇಟಿಂದಲೇ ವಾಪಸ್ ಕಳಿಸಿದಳು ಅಂತ ಸುಶೀಲಕ್ಕ ಅಂದರು ಕಣೇ, ನಿಜವೇನೇ?" ಎಂದು. ಜಬಲ್ಪುರದಲ್ಲಿ ಮೂರು ವರ್ಷ, ದೆಹಲಿ ಕಂಟೋನ್ಮೆಂಟಿನಲ್ಲಿ ನಾಲ್ಕು ವರ್ಷ, ಒಂದೇ ಗೋಡೆಯ ಆಚೆ ಈಚೆ ಬಾಳಿದವರು ನಾವು. ನಿಮ್ಮನ್ನು ನಾನು ಕಳಿಸುತ್ತೇನೆಯೇ? ಏನಾಯಿತೆಂದು ಬರೆಯುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಮಗಳು ಧಾರಿಣಿಗೆ ಎರಡು ಸಲ ಹೊಟ್ಟೆಯಲ್ಲಿ ನಿಲ್ಲಲಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮೂರನೆಯ ಸಲ ನಿಂತಾಗ ನಾನು ನಮ್ಮೂರ ಚೌಡೇಶ್ವರಿಗೆ ಹೇಳಿಕೊಂಡು ಶ್ರಾವಣದ ಮೊದಲ ಶುಕ್ರವಾರದಿಂದ ನಲವತ್ತೆಂಟು ದಿನ ಸಂಜೆ ದೀಪದ ವ್ರತ ಹಿಡಿದೆ. ಕೂತರೆ ಮಂಗಳಾರತಿ ಆಗುವತನಕ ಏಳಬಾರದು. ಆದರೆ ಈ ಸೊಸೈಟಿಯಲ್ಲಿ ಸಂಜೆಯಾದರೆ ಸಾಕು, ಗೇಟಿನ ಗಾರ್ಡ್ ಫೋನಿನ ಮೇಲೆ ಫೋನ್. ಕೊರಿಯರ್ ಬಂದಿದೆ, ತರಕಾರಿ ಬಂದಿದೆ, ಬಿಡಲಾ ಬೇಡವಾ ಎಂದು. ಮನೆಯವರು ಹೂಂ ಅನ್ನದೆ ಒಂದು ನೊಣವನ್ನೂ ಒಳಗೆ ಬಿಡುವುದಿಲ್ಲ ಇಲ್ಲಿ.

ನಮ್ಮವರು ರೆಜಿಮೆಂಟಿನ ಎಕ್ಸ್‌ಚೇಂಜಿನಲ್ಲಿ ಕೂತು, ಕರೆ ಬಂದಾಗ ವೈರು ಎಳೆದು ಸರಿಯಾದ ತೂತಿಗೆ ಚುಚ್ಚುತ್ತಿದ್ದರಲ್ಲ, ಈಗ ಆ ಕೆಲಸಕ್ಕೆ ಮನುಷ್ಯರಿಲ್ಲ. ಕಂಪ್ಯೂಟರಿನೊಳಗೆ ಒಂದು ಪ್ರೋಗ್ರಾಮ್ ಇದೆ. ಸಾಫ್ಟ್‌ಸ್ವಿಚ್ ಎನ್ನುತ್ತಾರೆ. ಯಾರ ಕರೆ ಯಾರಿಗೆ, ಯಾವ ದಾರಿಯಲ್ಲಿ ಎಂದು ಅದೇ ನಿರ್ಧರಿಸಿ ಇಂಟರ್ನೆಟ್ಟಿನ ಮೇಲೆ ಕಳಿಸುತ್ತದೆ. ಧಾರಿಣಿಯ ಆಫೀಸಿನವರದೇ ಆ ಕೆಲಸ. ನಮ್ಮ ಸೊಸೈಟಿಗೆ ಹಾಕಿಕೊಟ್ಟವರೂ ಅವರೇ. ನಾನು ಹೇಳಿದೆ, ಸಂಜೆ ಆರರಿಂದ ಎಂಟು ನಮ್ಮ ಮನೆ ಫೋನ್ ಹೊಡೆಯದ ಹಾಗೆ ಮಾಡು ಎಂದು. "ಅಮ್ಮಾ, ದೇವರಿಗೂ ಒಂದು ಎಕ್ಸ್‌ಟೆನ್ಷನ್ ನಂಬರ್ ಕೊಡ್ತೀನಿ ಬಿಡು, ಡೈರೆಕ್ಟ್ ಮಾತಾಡ್ಕೋ" ಎಂದು ನಕ್ಕಳು. ನಕ್ಕರೂ ಮಾಡಿಕೊಟ್ಟಳು. ಆ ಎರಡು ಗಂಟೆ ಗೇಟಿನ ಕರೆಯೆಲ್ಲ ತಾನಾಗಿಯೇ ಅಳಿಯ ಅನೂಪನ ಮೊಬೈಲಿಗೆ ಹೋಗುತ್ತಿತ್ತು.

ನೀವು ಬಂದದ್ದು ಆಗಸ್ಟ್ ಇಪ್ಪತ್ತೆರಡು, ನನ್ನ ವ್ರತದ ಹದಿನಾಲ್ಕನೆಯ ದಿನ, ಸರಿಯಾಗಿ ಆ ಹೊತ್ತಿನಲ್ಲಿ. ಕರೆ ಅನೂಪನಿಗೆ ಹೋಗಿದೆ. ಅವನು ಆಫೀಸಿನ ಮೀಟಿಂಗಿನಲ್ಲಿದ್ದ. ದೆಹಲಿ ಹುಡುಗ, ನಮ್ಮ ಕಡೆಯವರ ಹೆಸರು ಅವನಿಗೆ ನೆನಪಿರುವುದಿಲ್ಲ. ಗೊತ್ತಿಲ್ಲ ಎಂದು ಇಟ್ಟುಬಿಟ್ಟಿದ್ದಾನೆ. ಇಷ್ಟೇ ಅಕ್ಕ ನಡೆದದ್ದು. ನಾನು ಒಳಗೆ ದೀಪದ ಮುಂದೆ ಕೂತಿದ್ದೆ, ನೀವು ಹೊರಗೆ ನಿಂತಿದ್ದಿರಿ, ನಡುವೆ ಆ ಯಂತ್ರ.

ಅನೂಪನಿಗೆ ಮಗಳು ಚೆನ್ನಾಗಿ ಅಂದಳು. ನಾನು ಬಿಡಿಸಲು ಹೋಗಲಿಲ್ಲ.

ಒಂದು ಸಲ ಫೋನ್ ಎತ್ತಿ ಅಕ್ಕ.

ನಿಮ್ಮ ತಂಗಿ,
ಗಂಗಮ್ಮ


ಸೋಮವಾರಪೇಟೆ
೨೭ ಅಕ್ಟೋಬರ್ ೨೦೨೪

ಗಂಗಮ್ಮನವರಿಗೆ,

ನಿಮ್ಮ ಕಾಗದ ಬಂತು. ಓದಿದೆ, ಹರಿಯಲಿಲ್ಲ.

ಅಳಿಯನನ್ನು ಬೈಯಬೇಡಿ. ಆ ಹುಡುಗನನ್ನು ನಾನು ಮದುವೆಯಲ್ಲಿ ನೋಡಿದ್ದೇನೆ. ಬಿಸಿಲಲ್ಲಿ ನಿಂತಿದ್ದ ಬ್ಯಾಂಡಿನವರಿಗೆ ತಾನೇ ನೀರು ಹಂಚಿದವನು. ಬಂದವರನ್ನು ಯಾರೆಂದು ಕೇಳದೆ ಕಳಿಸುವವನಲ್ಲ.

ಮಗಳು ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡಲಿ.

ಸುಶೀಲಾ ಸೋಮಣ್ಣ


ನೋಯ್ಡಾ
೧೮ ನವೆಂಬರ್ ೨೦೨೪

ಸುಶೀಲಕ್ಕನಿಗೆ ನಮಸ್ಕಾರ.

ನೀವು ನನ್ನನ್ನು ಗಂಗಮ್ಮನವರೇ ಎಂದು ಕರೆದದ್ದನ್ನು ಓದಿ ಕಾಗದ ಮಡಿಸಿ ಅಕ್ಕಿ ಡಬ್ಬದ ಮೇಲಿಟ್ಟೆ. ಮೂರು ದಿನ ಮತ್ತೆ ಮುಟ್ಟಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಿಮ್ಮ ಬಾಯಲ್ಲಿ ನಾನು ಗಂಗಾ, ಸಿಟ್ಟು ಬಂದರೆ "ಲೇ ಗಂಗಿ". ಬೈದು ಬರೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನೀವು ನಂಬಲಿಲ್ಲ ಎಂದು ತಿಳಿಯಿತು. ಹಾಗಾಗಿ ಧಾರಿಣಿಗೆ ದುಂಬಾಲು ಬಿದ್ದೆ. ಆ ಸಂಜೆ ಕರೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತೆಗೆದುಕೊಡು, ಸುಶೀಲಕ್ಕನಿಗೆ ಕಳಿಸಬೇಕು ಎಂದು. ಅವಳಿಗೆ ಈಗ ಏಳನೆಯ ತಿಂಗಳು, ಕಾಲು ಬಾವು ಬರುತ್ತದೆ. ಊಟದ ಮೇಜಿನ ಕೆಳಗೆ ಸ್ಟೂಲಿನ ಮೇಲೆ ಕಾಲಿಟ್ಟು ಲ್ಯಾಪ್‌ಟಾಪ್ ತೆಗೆದಳು.

"ಮಾತಾಡಿದ್ದೆಲ್ಲಾ ಅದರಲ್ಲಿ ಇರುತ್ತಾ?" ಎಂದು ಕೇಳಿದೆ.

"ಇಲ್ಲಮ್ಮ. ಸ್ವಿಚ್ಚಿಗೆ ಮಾತು ಕೇಳಿಸೋದೇ ಇಲ್ಲ."

"ಕೇಳಿಸದೆ ಹೆಂಗೆ ಕಳಿಸುತ್ತೆ?"

"ದೇಖೋ, ನಿನ್ನ ಧ್ವನಿ ಇದೆಯಲ್ಲ, ಅದನ್ನ ಫೋನೇ ಚೂರು ಚೂರು ಮಾಡುತ್ತೆ. ಒಂದೊಂದು ಚೂರಿಗೂ ವಿಳಾಸ. ಆ ಚೂರುಗಳು ತಮ್ಮ ಪಾಡಿಗೆ ನೆಟ್ಟಲ್ಲಿ ಹೋಗಿ ಆ ಕಡೆ ಜೋಡಿಸ್ಕೊಳ್ತವೆ. ಸ್ವಿಚ್ ಮೊದಲು ಕೇಳೋದು ಇಷ್ಟೇ, ಯಾರು, ಯಾರಿಗೆ, ಏನು ರೂಲ್ ಇದೆ. ಇಬ್ಬರನ್ನೂ ಜೋಡಿಸಿ ತಾನು ಪಕ್ಕಕ್ಕೆ ಸರಿಯುತ್ತೆ. ಎಷ್ಟು ಹೊತ್ತಿಗೆ ಶುರು, ಎಷ್ಟು ಸೆಕೆಂಡು ಅಂತ ಮಾತ್ರ ಬರ್ಕೊಳ್ಳುತ್ತೆ."

"ತಪ್ಪು ಬರ್ಕೊಂಡರೆ?"

"ಅದು ಮನುಷ್ಯನಲ್ಲಮ್ಮ," ಎಂದಳು.

ಆಮೇಲೆ ಪ್ರಿಂಟ್ ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದಳು. ಸುಸ್ತು ಇರಬೇಕು.

ಅದರಲ್ಲಿ ಇರುವುದನ್ನು ಬರೆಯುತ್ತೇನೆ. ಸಂಜೆ ಆರು ನಲವತ್ತೊಂದಕ್ಕೆ ಮುಖ್ಯ ಗೇಟಿನಿಂದ ನಮ್ಮ ಮನೆ ನಂಬರಿಗೆ ಕರೆ. ವ್ರತದ ಹೊತ್ತಾದ್ದರಿಂದ ನಮ್ಮಲ್ಲಿ ಹೊಡೆಯದೆ ಅನೂಪನ ಮೊಬೈಲಿಗೆ ತಿರುಗಿದೆ. ಅನೂಪ ಎತ್ತಿದ್ದಾನೆ. ಹದಿನಾಲ್ಕು ಸೆಕೆಂಡು ಮಾತಾಡಿದ್ದಾನೆ. ನೋಡಿ ಅಕ್ಕ, ನಾನು ಹೇಳಿದ್ದೂ ಇದೇ ತಾನೇ? ಯಂತ್ರವೇ ಬರೆದುಕೊಂಡಿದೆ.

ಅನೂಪನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಬೇಕೆಂದು ಮಾಡಿದ್ದಲ್ಲ. ತಪ್ಪೆಂದರೆ ಆ ರೂಲ್ ಹಾಕಿಸಿದ್ದು ನನ್ನದೇ. ಅದಕ್ಕೆ ನಿಮ್ಮ ಕಾಲಿಗೆ ಬೀಳುತ್ತೇನೆ. ಈಗ ಅದನ್ನು ತೆಗೆಸಿದ್ದೇನೆ. ಪೂಜೆಯ ನಡುವೆ ಹೊಡೆದರೆ ಹೊಡೆಯಲಿ ಎಂದಿದ್ದೇನೆ.

ಇಲ್ಲಿ ಗಾಳಿ ಕೆಟ್ಟಿದೆ. ಬಾಲ್ಕನಿಗೆ ಬಂದರೆ ಎದುರಿನ ಟವರ್ ಕಾಣುವುದಿಲ್ಲ. ನಿಮ್ಮಲ್ಲಿ ಕಾಫಿ ಕೊಯ್ಲಿನ ಕಾಲವಲ್ಲವೇ? ನಿಮ್ಮ ಜೊತೆಗೆ ಯಾರಿದ್ದಾರೆ? ನಿಮ್ಮ ಮಗ ಸಾಕೇತನಿಗೆ ಲಡಾಖಿನಿಂದ ಬದಲಿ ಆಯಿತೇ?

ನಿಮ್ಮ
ಗಂಗಾ


ಸೋಮವಾರಪೇಟೆ
೯ ಡಿಸೆಂಬರ್ ೨೦೨೪

ಗಂಗಮ್ಮನವರಿಗೆ,

ಪಟ್ಟಿಯಲ್ಲಿ ಆ ಹದಿನಾಲ್ಕು ಸೆಕೆಂಡಿನ ಕೆಳಗೆ ಇನ್ನೊಂದು ಸಾಲು ಇಲ್ಲವೇ?

ಸುಶೀಲಾ


ನೋಯ್ಡಾ
೧೪ ಜನವರಿ ೨೦೨೫, ಸಂಕ್ರಾಂತಿ

ಸುಶೀಲಕ್ಕ,

ಇದರ ಜೊತೆ ಎಳ್ಳು ಬೆಲ್ಲ ಕಳಿಸಿದ್ದೇನೆ. ಇಲ್ಲಿ ಸಕ್ಕರೆ ಅಚ್ಚು ಸಿಗುವುದಿಲ್ಲ. ವೈಜಯಂತಿ ಊರಿಂದ ತರಿಸಿ ಕೊಟ್ಟಳು. ಕೊಬ್ಬರಿ ನಾನೇ ಹೆಚ್ಚಿದೆ. ವರ್ಷ ತುಂಬದ ಮನೆಗೆ ಹಬ್ಬದ್ದು ಕಳಿಸಬಾರದು ಎನ್ನುತ್ತಾರೆ. ಮನಸ್ಸು ತಡೆಯಲಿಲ್ಲ, ತಪ್ಪಾದರೆ ಹಕ್ಕಿಗೆ ಹಾಕಿ.

ಧಾರಿಣಿಗೆ ಎಂಟು ತುಂಬಿತು. ಮಗು ಚೆನ್ನಾಗಿದೆ ಎಂದರು ಡಾಕ್ಟರ್. ಚಳಿ ಬಹಳ. ಮಂಡಿ ಹಿಡಿದುಕೊಂಡಿದೆ.

ನಿಮ್ಮ ಹಿಂದಿನ ಕಾರ್ಡು ತಲುಪಿತು.

ಗಂಗಾ


ನೋಯ್ಡಾ
೧೨ ಫೆಬ್ರವರಿ ೨೦೨೫

ಅಕ್ಕ,

ಆರನೆಯ ತಾರೀಕು ಗುರುವಾರ ಬೆಳಿಗ್ಗೆ ಧಾರಿಣಿಗೆ ಹೆಣ್ಣು ಮಗು ಆಯಿತು. ಎರಡೂ ಮುಕ್ಕಾಲು ಕೇಜಿ. ತಾಯಿ ಮಗು ಮನೆಗೆ ಬಂದಿದ್ದಾರೆ. ಸಂತೋಷದ ಸುದ್ದಿಯನ್ನು ಮೊದಲು ಬರೆಯಬೇಕೆಂದು ಬರೆದೆ. ಮುಂದಿನದು ಸಂತೋಷದ್ದಲ್ಲ.

ಮನೆಯಲ್ಲಿ ಪುರುಡು. ಹನ್ನೊಂದು ದಿನ ದೇವರ ಕೋಣೆಗೆ ಕಾಲಿಡುವಂತಿಲ್ಲ. ಬಾಗಿಲು ಹಾಕಿದ್ದೇನೆ. ಮೂವತ್ತು ವರ್ಷದಲ್ಲಿ ಸಂಜೆ ದೀಪ ಹಚ್ಚದೆ ಇದ್ದದ್ದು ನಮ್ಮವರು ತೀರಿಕೊಂಡಾಗ ಮತ್ತು ಈಗ. ಆರೂವರೆ ಆದರೆ ಕೈಗೆ ಕೆಲಸವಿಲ್ಲ. ಮಗುವಿನ ಬಟ್ಟೆ ಮಡಿಸಿ ಸುಮ್ಮನೆ ಕೂರುತ್ತೇನೆ. ನಿನ್ನೆ ಹಾಗೆ ಕೂತಾಗ ಹೊಳೆಯಿತು. ಸಾವಿಗೂ ಮೈಲಿಗೆ, ಹುಟ್ಟಿಗೂ ಮೈಲಿಗೆ. ಯಾವುದು ಮನೆಗೆ ಬರಬಾರದೆಂದು ನಾನು ಹೆದರಿದೆನೋ ಅದು ತೊಟ್ಟಿಲಿನ ಜೊತೆಯಲ್ಲೇ ಬಂತು. ಬಂದರೂ ಏನೂ ಆಗಲಿಲ್ಲ. ದೇವಿ ಬಾಗಿಲ ಹಿಂದೆ ಸುಮ್ಮನೆ ಇದ್ದಾಳೆ. ಮಗು ಹಾಲು ಕುಡಿದು ಮಲಗಿದೆ.

ಪಟ್ಟಿಯಲ್ಲಿ ಇನ್ನೊಂದು ಸಾಲಿದೆ.

ಅನೂಪ ಹದಿನಾಲ್ಕು ಸೆಕೆಂಡು ಮಾತಾಡಿ ಇಡಲಿಲ್ಲ. ಕರೆಯನ್ನು ನಮ್ಮ ಮನೆಗೆ ತಿರುಗಿಸಿದ. ಅವನು ತಾನಾಗಿ ತಿರುಗಿಸಿದರೆ ಆ ರೂಲ್ ಅಡ್ಡ ಬರುವುದಿಲ್ಲವಂತೆ. ನಡುಮನೆಯಲ್ಲಿದ್ದ ಫೋನ್ ಹೊಡೆಯಿತು. ನಾನು ದೀಪದ ಮುಂದಿನಿಂದ ಎದ್ದು ಹೋಗಿ ಎತ್ತಿದೆ. ಆಫೀಸಿನಿಂದ ಇನ್ನೂ ಬಾರದಿದ್ದ ಧಾರಿಣಿಗೆ ಏನೋ ಆಯಿತು ಎಂದು ಗಾಬರಿಯಾಗಿ ಎದ್ದದ್ದು. ಗಾರ್ಡ್ ಕಿಶನ್ ಹೇಳಿದ, "ಆಂಟೀಜೀ, ಕೋಯೀ ಸುಶೀಲಾ ಜೀ ಆಯೀ ಹೈ. ಅಸ್ಪತಾಲ್ ಸೇ ಆ ರಹೀ ಹೈ" ಎಂದು, ನೀವು ಆಸ್ಪತ್ರೆಯಿಂದ ಬರುತ್ತಿದ್ದೀರಿ ಎಂದು.

ಇಪ್ಪತ್ತಾರು ಸೆಕೆಂಡು ಎಂದು ಬರೆದುಕೊಂಡಿದೆ ಯಂತ್ರ. ಅದರಲ್ಲಿ ಹೆಚ್ಚಿನದೆಲ್ಲ ನಾನು ಸುಮ್ಮನೆ ನಿಂತದ್ದು. ಅವನು ಎರಡು ಸಲ "ಹಲೋ ಆಂಟೀಜೀ" ಎಂದ.

ಸೋಮಣ್ಣನವರನ್ನು ದೆಹಲಿಯ ಮಿಲಿಟರಿ ಆಸ್ಪತ್ರೆಗೆ ಸೇರಿಸಿದ್ದಾರೆ, ಉಳಿಯುವುದು ಕಷ್ಟ ಎಂದು ನನಗೆ ಆ ವಾರವೇ ಗೊತ್ತಾಗಿತ್ತು ಅಕ್ಕ. ಗೊತ್ತಿದ್ದೂ ನೋಡಲು ಬಂದಿರಲಿಲ್ಲ. ವ್ರತ ಮುಗಿಯಲಿ ಎಂದುಕೊಂಡಿದ್ದೆ. ನೀವು ಗೇಟಿಗೆ ಬಂದಿದ್ದೀರಿ ಎಂದಾಗ ನನಗೆ ಕಂಡದ್ದು ನಿಮ್ಮ ಮುಖವಲ್ಲ. ಸಾವು ನಿಮ್ಮ ಸೆರಗು ಹಿಡಿದುಕೊಂಡು ಬಂದಿದೆ, ಮನೆಯಲ್ಲಿ ನನ್ನ ಮಗಳ ಮೂರು ತಿಂಗಳ ಬಸಿರಿದೆ, ಎದುರಿಗೆ ದೀಪ ಉರಿಯುತ್ತಿದೆ. ಇಷ್ಟೇ ಕಂಡದ್ದು. "ಬೋಲ್ ದೋ ಘರ್ ಮೇ ಕೋಯೀ ನಹೀ ಹೈ" ಎಂದೆ. ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಿಸಿ ಫೋನ್ ಇಟ್ಟೆ. ಹೋಗಿ ಮತ್ತೆ ದೀಪದ ಮುಂದೆ ಕೂತೆ. ಮಂಗಳಾರತಿ ಮಾಡಿದೆ. ಗಂಟೆಯನ್ನೂ ಬಾರಿಸಿದೆ.

ನಮ್ಮವರು ಹೋದಾಗ ನೀವು ಪಂಚಾಂಗ ನೋಡಿದ್ದಿರಾ? ನಿಮ್ಮ ಸಾಕೇತನಿಗೆ ಆಗ ಜ್ವರ. ಅವನನ್ನು ಸೋಮಣ್ಣನವರ ಕೈಗೆ ಕೊಟ್ಟು ಹನ್ನೊಂದು ದಿನ ನಮ್ಮ ಮನೆಯ ಒಲೆ ಹಚ್ಚಿದಿರಿ. ನಾನು ಉಣ್ಣುವುದಿಲ್ಲ ಎಂದರೆ "ಬಾಯಿ ತೆಗಿಯೇ ಗಂಗಿ, ಇಲ್ಲಾಂದ್ರೆ ಮೂಗು ಹಿಡೀತೀನಿ" ಎಂದು ತುತ್ತು ಇಟ್ಟಿರಿ.

ಸುದ್ದಿ ತಿಳಿದ ಮೇಲೆ ಮನೆಯಲ್ಲಿ ಮಾತು ಬಂದಾಗ ಅನೂಪ "ಮೈನೇ ತೋ ಮಮ್ಮೀಜೀ ಕೋ ಹೀ ದಿಯಾ ಥಾ" ಎಂದ. ನನಗೆ ಕೊಟ್ಟದ್ದಾಗಿ ಹೇಳಿದ. ಧಾರಿಣಿ ನನ್ನ ಕಡೆ ನೋಡಿದಳು. ನನಗೆ ಯಾವ ಕರೆಯೂ ಬರಲಿಲ್ಲ ಎಂದೆ. ಅವಳು ಹೆತ್ತವಳನ್ನು ನಂಬಿ ಕಟ್ಟಿಕೊಂಡವನನ್ನು ಬೈದಳು. ನವೆಂಬರಿನಲ್ಲಿ ಆ ಪಟ್ಟಿ ತೆಗೆಯಲು ದುಂಬಾಲು ಬಿದ್ದೆನಲ್ಲ, ಯಂತ್ರ ಅಷ್ಟೆಲ್ಲ ಬರೆದುಕೊಳ್ಳುತ್ತದೆಂದು ನನ್ನ ಹಳ್ಳಿ ತಲೆಗೆ ಹೊಳೆದಿರಲಿಲ್ಲ. ಮೊದಲ ಸಾಲೊಂದೇ ಇರುತ್ತದೆ, ಅದನ್ನು ತೋರಿಸಿ ಗೆದ್ದುಬಿಡೋಣ ಎಂದುಕೊಂಡಿದ್ದೆ. ಎರಡನೆಯ ಸಾಲನ್ನು ಮಗಳು ನನಗಿಂತ ಮುಂಚೆ ಓದಿದಳು. ಅಂದಿನಿಂದ ಇಂದಿನತನಕ ಆ ಮಾತು ಎತ್ತಿಲ್ಲ. ಬೇರೆಲ್ಲ ಮಾತಾಡುತ್ತಾಳೆ. ಅಮ್ಮಾ ಎನ್ನುತ್ತಾಳೆ, ಉಪ್ಪು ಸಾಕಾ ಎನ್ನುತ್ತಾಳೆ. ಹಿಂದಿನ ಹಾಗೆ ನಗುವುದಿಲ್ಲ.

ಹೆರಿಗೆಯ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅನೂಪ, ನಾನು ಇಬ್ಬರೇ ಇದ್ದೆವು. ಅವನಿಗೆ ಹೇಳಿದೆ. ಹಿಂದಿಯಲ್ಲಿ ತಪ್ಪು ಒಪ್ಪಿಕೊಳ್ಳುವ ಮಾತು ನನಗೆ ಸರಿಯಾಗಿ ಬರುವುದಿಲ್ಲ. "ಗಲತೀ ಮೇರೀ ಥೀ ಬೇಟಾ, ಫೋನ್ ಮೈನೇ ಉಠಾಯಾ ಥಾ" ಎಂದೆ, ತಪ್ಪು ನನ್ನದು, ಫೋನ್ ಎತ್ತಿದ್ದು ನಾನೇ ಎಂದು. ಅವನು "ಚಲೋ ಮಮ್ಮೀಜೀ, ಚಾಯ್ ಪೀತೇ ಹೈ" ಎಂದು ಎದ್ದ. ನನ್ನ ಲೋಟಕ್ಕೆ ಸಕ್ಕರೆ ಹಾಕಿಸಬೇಡ ಎಂದು ಅಂಗಡಿಯವನಿಗೆ ಅವನೇ ಹೇಳಿದ. ಅಷ್ಟೇ. ಅವನು ದೊಡ್ಡವನು.

ನಿಮಗೆ ಬರೆದ ಎರಡು ಕಾಗದದಲ್ಲಿ ಸುಳ್ಳು ಬರೆದಿದ್ದೇನೆ. ಮೂರನೆಯದರಲ್ಲಿ ಎಳ್ಳು ಕಳಿಸಿ ಬಾಯಿ ಮುಚ್ಚಿಕೊಂಡೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಜ ನಿಮಗೆ ತಿಳಿಯಬೇಕಿತ್ತು, ತಿಳಿಸಿದೆ.

ಗಂಗಮ್ಮ


ಸೋಮವಾರಪೇಟೆ
೩ ಮಾರ್ಚ್ ೨೦೨೫

ಗಂಗಾ,

ನಿಜ ನನಗೆ ಅಂದೇ ತಿಳಿದಿತ್ತು. ಆ ಗಾರ್ಡ್ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಯುತ್ತಿದ್ದ. ಕೈ ಬಿಡುವಿಲ್ಲದೆ ಫೋನನ್ನು ಸ್ಪೀಕರಿಗೆ ಹಾಕಿದ್ದ. ಮೊದಲು ನಿನ್ನ ಅಳಿಯನ ದನಿ ಕೇಳಿಸಿತು. "ಅಚ್ಛಾ, ಸುಶೀಲಾ ಆಂಟೀ! ಏಕ್ ಮಿನಿಟ್, ಮಮ್ಮೀಜೀ ಕೋ ದೇತಾ ಹೂಂ" ಎಂದ. ನನ್ನ ಹೆಸರು ಅವನಿಗೆ ನೆನಪಿತ್ತು. ಆಮೇಲೆ ನೀನು ಎತ್ತಿದೆ. ಆಮೇಲೆ ಸದ್ದಿಲ್ಲ. ಹಿಂದೆ ಎಲ್ಲೋ ನಿನ್ನ ಮನೆಯ ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಈಗ ಹೇಳುತ್ತಾಳೆ, ಈಗ "ಅಯ್ಯೋ ಒಳಗೆ ಬಿಡೋ" ಎನ್ನುತ್ತಾಳೆ ಎಂದು ನಾನು ಕೈಚೀಲ ಹೆಗಲಿಗೆ ಹಾಕಿಕೊಂಡೆ.

ಆ ಗಾರ್ಡ್ ಪಾಪ, ನನ್ನ ಮುಖ ನೋಡಲಾರದೆ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದ. "ಮಾತಾಜೀ, ಪಾನೀ ಪೀಯೇಂಗೀ?" ಎಂದ. ಕುಡಿದೆ. ಮೆಟ್ರೋ ಹಿಡಿದು ಹೋದೆ.

ಹಾಗಾಗಿ ನಿನ್ನ ಮೊದಲ ಕಾಗದ ಓದುವಾಗ ನನಗೆ ಸಿಟ್ಟಿಗಿಂತ ನಾಚಿಕೆಯಾಯಿತು, ನಿನ್ನ ಪರವಾಗಿ. ಬಸಿರಿ ಮಗಳಿಗಾಗಿ ಹೆದರಿದೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದರೆ ನಾನು ಎರಡು ದಿನ ಬೈದು ಮೂರನೆಯ ದಿನ ಫೋನ್ ಎತ್ತುತ್ತಿದ್ದೆನೇನೋ. ತಾಯಿಗೆ ಹೆದರಿಕೆ ಆಗುತ್ತದೆ. ನನಗೂ ಒಬ್ಬ ಮಗನಿದ್ದಾನೆ.

ಒಂದು ಮಾತು. ನೀನು ನಾಲ್ಕು ಕಾಗದ ಬರೆದೆ. ಕರೆ ಹೇಗೆ ಹೋಯಿತು, ಯಾರು ತಿರುಗಿಸಿದರು, ಎಷ್ಟು ಸೆಕೆಂಡು, ಎಲ್ಲ ಬರೆದೆ. ನಾನು ಯಾಕೆ ಬಂದಿದ್ದೆ ಎಂದು ಒಂದರಲ್ಲೂ ಕೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಅವರಿಗೆ ಆಪರೇಷನ್ ಇತ್ತು. ಸಾಕೇತನಿಗೆ ರಜೆ ಸಿಕ್ಕಿದ್ದು ಅದರ ಮಾರನೆಯ ದಿನಕ್ಕೆ. ನೀನು ದೀಪ ಹಚ್ಚುವ ಹೊತ್ತು ನನಗೆ ಗೊತ್ತಲ್ಲ. ಆ ಹೊತ್ತಿಗೇ ಬಂದು ನಿನ್ನ ಪಕ್ಕದಲ್ಲಿ ಕೂತು ಅವರ ಹೆಸರು ಹೇಳಿ ಒಂದು ನಮಸ್ಕಾರ ಹಾಕೋಣ, ಬೆಳಿಗ್ಗೆ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದಾಗ ಆಸ್ಪತ್ರೆಯ ಬೆಂಚಿನಲ್ಲಿ ಜೊತೆಗೆ ಕೂರು ಎಂದು ನಿನ್ನನ್ನು ಕರೆದುಕೊಂಡು ಹೋಗೋಣ ಎಂದು ಬಂದಿದ್ದೆ. ಬೇರೆ ಏನೂ ಇರಲಿಲ್ಲ.

ಬೆಂಚಿನಲ್ಲಿ ಒಬ್ಬಳೇ ಕೂರಲಿಲ್ಲ ಬಿಡು. ವಿಮಲಾ ಎಂಬಾಕೆ ಇದ್ದಳು, ಮೇರಠ್ ಕಡೆಯವಳು. ಅವಳ ತಮ್ಮನೂ ಒಳಗಿದ್ದ. ಹೆಸರು ಕೇಳುವ ಮುಂಚೆಯೇ ತನ್ನ ಶಾಲಿನ ಅರ್ಧ ನನಗೆ ಹೊದಿಸಿದಳು, ಏಸಿ ಅಷ್ಟು ಕೊರೆಯುತ್ತಿತ್ತು. ನನಗೆ ಬರುವುದು ಮಾರ್ಕೆಟ್ಟಿನ ಹಿಂದಿ. ಅವಳದು ಹಳ್ಳಿ ಹಿಂದಿ. ಅರ್ಧಕ್ಕರ್ಧ ತಿಳಿಯುವುದಿಲ್ಲ. ಈಗಲೂ ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ. ಎತ್ತುತ್ತೇನೆ.

ನಿನ್ನ ಹೆಸರು ಬಂದಾಗ ಕೈ ಏಳುವುದಿಲ್ಲ ಗಂಗಾ. ಏಳಲಿ ಎಂದು ನಾನೂ ಬೇಡಿಕೊಳ್ಳುತ್ತೇನೆ, ಆದರೆ ಎದ್ದಿಲ್ಲ. ನಿನ್ನ ದನಿ ಕೇಳುವ ಮೊದಲು ಆ ಫ್ಯಾನಿನ ಸದ್ದು ಕೇಳುತ್ತದೇನೋ ಎನ್ನಿಸುತ್ತದೆ.

ಬರೆಯುವುದಾದರೆ ಬರೆ. ಮಗುವಿಗೆ ಏನು ಹೆಸರಿಟ್ಟಿರಿ?

ಸುಶೀಲ